ವ್ರತ ಹಿಡಿದದ್ದು ಗೊತ್ತು, ಉದ್ಯಾಪನೆ ಯಾವಾಗ?

ಪ್ರಶ್ನೆ: ಮೇಡಂ, ನನಗೆ 42 ವರ್ಷ. ದಾವಣಗೆರೆ ನಿಟುವಳ್ಳಿಯಲ್ಲಿ ನಮ್ಮ ಮನೆ. ಮನೆಯವರದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲ್ಲಾಳಿ ಅಂಗಡಿ. ಅತ್ತೆ ಜೊತೆಗಿದ್ದಾರೆ. ಮಗ ಎರಡನೇ ಪಿಯುಸಿ, ಮಗಳು ಎಂಟನೇ ಕ್ಲಾಸು. ನಾನು ಬಿ.ಕಾಂ. ಓದಿದ್ದೇನೆ, ಕೆಲಸಕ್ಕೆ ಹೋಗಿಲ್ಲ. ನಮ್ಮದು ಲಿಂಗಾಯತ ಮನೆ, ಆದರೂ ಎಲ್ಲ ವ್ರತಗಳೂ ನಡೆಯುತ್ತವೆ. ಬೆಳಿಗ್ಗೆ ನಾಲ್ಕೂವರೆಗೆ ಏಳುತ್ತೇನೆ, ಮಲಗುವುದು ಹನ್ನೊಂದಕ್ಕೆ. ಸೋಮವಾರದ ಒಪ್ಪತ್ತು ತವರಿಂದ ಬಂದಿದ್ದು. ಗುರುವಾರ ಮಗನ ಎಸ್ಸೆಸ್ಸೆಲ್ಸಿ ಹೊತ್ತಲ್ಲಿ ಹಿಡಿದೆ. ಶುಕ್ರವಾರ ಅಂಗಡಿ ವ್ಯಾಪಾರ ಬಿದ್ದಾಗ, ಸಂಕಷ್ಟಿ ನಾದಿನಿಗೆ ಮದುವೆ ಆಗಲಿ ಅಂತ. ಅಮಾವಾಸ್ಯೆಯದು ಅತ್ತೆಯವರಿಂದ ಬಂದಿದ್ದು. ದಿನಾ 1008 ಪಂಚಾಕ್ಷರಿ ಜಪ. ಮೊದಲು ಪೂಜೆಗೆ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು. ಈಗ ಏನೂ ಅನ್ನಿಸುವುದಿಲ್ಲ. ಗಂಟೆ ಬಾರಿಸುತ್ತಾ ಕುಕ್ಕರ್ ವಿಷಲ್ ಎಣಿಸುತ್ತೇನೆ. ಮಕ್ಕಳ ಮೇಲೆ ರೇಗುತ್ತೇನೆ, ಮಧ್ಯಾಹ್ನ ಒಬ್ಬಳೇ ಕೂತು ಅಳುತ್ತೇನೆ. ತಿಂಗಳ ಆ ಮೂರು ದಿನ ದೇವರಕೋಣೆಗೆ ಹೋಗುವುದಿಲ್ಲ, ಆಗ ಮಾತ್ರ ಆರು ಗಂಟೆವರೆಗೆ ನಿದ್ದೆ. ಅದೇ ಹಬ್ಬ ಅನ್ನಿಸುತ್ತದೆ, ಹಾಗೆ ಅನ್ನಿಸಿದ್ದಕ್ಕೂ ನಾಚಿಕೆ. ದೇವರಿಗೆ ನನ್ನ ಮೇಲೆ ಸಿಟ್ಟಾ? ಪಕ್ಕದ ಮನೆಯವರು ಹದಿನಾರು ಸೋಮವಾರ ಹಿಡಿಯಿರಿ, ಸರಿ ಹೋಗುತ್ತದೆ ಅಂತಾರೆ. ಗೆಳತಿ ನಿನಗಾಗಿ ಸ್ವಲ್ಪ ಟೈಮ್ ತಗೋ ಅಂತಾಳೆ. ಅದು ಸ್ವಾರ್ಥ ಅಲ್ವಾ? ಇನ್ನೊಂದು ಸಣ್ಣ ಪ್ರಶ್ನೆ, ಪೂಜೆಗೆ ಮೊದಲು ಚಾ ಕುಡಿಯಬಹುದಾ?

ಉತ್ತರ: ಹದಿನಾರು ಸೋಮವಾರ ಬೇಡ. ಮೊದಲು ಅದನ್ನ ಹೇಳಿಬಿಡುತ್ತೇನೆ, ಯಾಕಂದರೆ ನೀವು ಈ ಉತ್ತರ ಓದಿ ಮುಗಿಸುವುದರೊಳಗೆ ಪಕ್ಕದ ಮನೆಯವರು ಪಂಚಾಂಗ ತೆಗೆದು ದಿನ ನೋಡಿಬಿಟ್ಟಿರುತ್ತಾರೆ.

ನಿಮ್ಮ ಕಾಗದ ಓದಿ ಒಂದು ಲೆಕ್ಕ ಹಾಕಿದೆ. ವಾರಕ್ಕೆ ಮೂರು ಒಪ್ಪತ್ತು, ಮೇಲೆ ಸಂಕಷ್ಟಿ, ಅಮಾವಾಸ್ಯೆ. ತಿಂಗಳಿಗೆ ಹತ್ತಿರ ಹತ್ತಿರ ಹದಿನೈದು ದಿನ. ಅಂದರೆ ಅರ್ಧ ತಿಂಗಳು ನೀವು ಅರೆಹೊಟ್ಟೆ. ಉಳಿದರ್ಧ ಏನು ತಿನ್ನುತ್ತೀರಿ ಅಂತ ಬರೆದಿಲ್ಲ, ಆದರೆ ನಮ್ಮ ಕಡೆ ಮನೆಗಳು ನನಗೆ ಗೊತ್ತು, ಎಲ್ಲರದ್ದೂ ಆದ ಮೇಲೆ ಪಾತ್ರೆ ತಳದಲ್ಲಿ ಉಳಿದದ್ದು, ಅದೂ ನಿಂತುಕೊಂಡು. ನಿದ್ದೆ ಐದೂವರೆ ಗಂಟೆ. ದೊಡ್ಡವರಿಗೆ ಕಡಿಮೆ ಅಂದರೂ ಏಳು ಗಂಟೆ ಬೇಕು. ದಿನಕ್ಕೆ ಒಂದೂವರೆ ಗಂಟೆ ಬಾಕಿ, ವರ್ಷಗಟ್ಟಲೆ. ನಿಮ್ಮ ಮನೆಯವರ ಅಂಗಡಿಯಲ್ಲಿ ಯಾವ ರೈತನಾದರೂ ಇಷ್ಟು ಬಾಕಿ ಉಳಿಸಿಕೊಂಡಿದ್ದರೆ ಅವರು ಸುಮ್ನೆ ಕೂರುತ್ತಿದ್ದರಾ?

ದೇವರಿಗೆ ಸಿಟ್ಟಾ ಅಂತ ಕೇಳಿದ್ದೀರಿ. ನಾನು ಆಪ್ತಸಮಾಲೋಚಕಿ, ದೇವರ ಪರವಾಗಿ ಮಾತಾಡುವ ಅಧಿಕಾರ ನನಗಿಲ್ಲ. ಆದರೆ ಈ ಊರಲ್ಲಿ ಇಪ್ಪತ್ತು ವರ್ಷದ ಮೇಲೆ ಹೆಣ್ಣುಮಕ್ಕಳ ಮಾತು ಕೇಳಿಸಿಕೊಂಡಿದ್ದೇನೆ. ದೇವರು ದೂರ ಆದ ಅಂತ ಅತ್ತವರಲ್ಲಿ ಎಷ್ಟೋ ಜನಕ್ಕೆ ದೂರ ಆಗಿದ್ದು ಹಿಮೋಗ್ಲೋಬಿನ್.

ತಮಾಷೆಗೆ ಹೇಳುತ್ತಿಲ್ಲ, ನನಗೇ ಆಗಿದೆ. ಮೂವತ್ತಾರನೇ ವಯಸ್ಸಲ್ಲಿ, ಶ್ರಾವಣದ ಮೂರನೇ ಸೋಮವಾರ, ಹೂರಣ ರುಬ್ಬುತ್ತಾ ಇದ್ದವಳು ಕಣ್ಣು ಕತ್ತಲೆ ಬಂದು ಅಲ್ಲೇ ಕುಸಿದು ಕೂತೆ. ನಮ್ಮ ಅತ್ತೆ ಪಾಪ, ಮೈಮೇಲೆ ದೇವರು ಬಂತೇನೋ ಅಂದುಕೊಂಡು ಕುಂಕುಮದ ಬಟ್ಟಲು ತಂದರು. ಪರೀಕ್ಷೆ ಮಾಡಿಸಿದರೆ 7.9 ಗ್ರಾಂ. ಮೈಮೇಲೆ ಬಂದಿದ್ದು ರಕ್ತಹೀನತೆ. ಅದಕ್ಕೂ ಮೊದಲು ಆರು ತಿಂಗಳು ನಾನೂ ನಿಮ್ಮ ಹಾಗೆ, ಪೂಜೆಯಲ್ಲಿ ಮನಸ್ಸು ನಿಲ್ಲುತ್ತಿಲ್ಲ, ಏನು ತಪ್ಪು ಮಾಡಿದೆನೋ ಅಂತ ಕೊರಗಿದ್ದೆ.

ಹಾಗಾಗಿ ಮೊದಲ ಕೆಲಸ, ಈ ವಾರದಲ್ಲೇ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್, ಥೈರಾಯ್ಡ್, ಬಿ12, ಶುಗರ್, ನಾಲ್ಕನ್ನೂ ನೋಡಿಸಿ. ಗರ್ಭಿಣಿ ಅಲ್ಲದ ಹೆಂಗಸಿಗೆ ಹಿಮೋಗ್ಲೋಬಿನ್ 12 ಗ್ರಾಂಗಿಂತ ಕಡಿಮೆ ಇದ್ದರೆ ಅದು ರಕ್ತಹೀನತೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ದೇಶದಲ್ಲಿ 15ರಿಂದ 49 ವಯಸ್ಸಿನ ನೂರು ಹೆಂಗಸರಲ್ಲಿ 57 ಜನಕ್ಕೆ ಇದು ಇದೆ, ಕರ್ನಾಟಕದಲ್ಲಿ ಸುಮಾರು 48. ನಿಮ್ಮ ಬೀದಿಯಲ್ಲಿ ಹೆಚ್ಚುಕಡಿಮೆ ಒಂದು ಮನೆ ಬಿಟ್ಟು ಒಂದು ಮನೆ ಅಂದುಕೊಳ್ಳಿ. ಥೈರಾಯ್ಡ್ ಮಂದ ಆದರೂ ಹೀಗೇ, ಸುಸ್ತು, ಕೂದಲು ಉದುರುವುದು, ಸುಮ್ಸುಮ್ನೆ ಅಳು. ಬಿ12 ಹೆಚ್ಚಾಗಿ ಸಿಗುವುದು ಮಾಂಸ, ಮೊಟ್ಟೆ, ಹಾಲಲ್ಲಿ. ಸಸ್ಯಾಹಾರಿ ಮನೆಯಲ್ಲಿ ಹಾಲು ಮಕ್ಕಳಿಗೆ, ಮೊಸರು ಮನೆಯವರಿಗೆ, ನಿಮಗೆ ನೀರು ಮಜ್ಜಿಗೆ ಅಂದರೆ ಎಲ್ಲಿಂದ ಬರಬೇಕು? ಇನ್ನು ನಲವತ್ತೆರಡು ಅಂದಿರಿ. ನಮ್ಮ ದೇಶದಲ್ಲಿ ಮುಟ್ಟು ನಿಲ್ಲುವುದು ಸರಾಸರಿ 46-47ಕ್ಕೆ. ಅದಕ್ಕೆ ಕೆಲವು ವರ್ಷ ಮೊದಲೇ ಮುಟ್ಟು ಏರುಪೇರು, ರಾತ್ರಿ ಬೆವರು, ಮೂಗಿನ ತುದಿಯಲ್ಲೇ ಸಿಟ್ಟು ಶುರುವಾಗಬಹುದು. ಇವನ್ನೂ ಡಾಕ್ಟರಿಗೆ ಹೇಳಿ, ಅವರು ಕೇಳದಿದ್ದರೂ ಹೇಳಿ.

ಊಟದ ವಿಷಯ ಬೇಗ ಮುಗಿಸುತ್ತೇನೆ. ಎಲ್ಲರ ಜೊತೆ ಕೂತು ಉಣ್ಣಿ. ಹುರುಳಿಕಾಳು, ಕಡಲೆ, ನುಗ್ಗೆಸೊಪ್ಪು, ಮೇಲೆ ನಿಂಬೆಹಣ್ಣು ಹಿಂಡಿಕೊಂಡರೆ ಕಬ್ಬಿಣದ ಅಂಶ ಚೆನ್ನಾಗಿ ಹಿಡಿಯುತ್ತದೆ. ಊಟದ ಜೊತೆ, ಊಟ ಆದ ತಕ್ಷಣ ಚಾ ಬೇಡ, ಒಂದು ಗಂಟೆ ಬಿಡಿ. ಆದರೆ ಹಿಮೋಗ್ಲೋಬಿನ್ ಎಂಟಕ್ಕೆ ಇಳಿದಿದ್ದರೆ ಬೆಲ್ಲ, ಖರ್ಜೂರ, ಬೀಟ್‌ರೂಟ್ ಅಂತ ಕಾಲ ಕಳೆಯಬೇಡಿ, ಡಾಕ್ಟರ್ ಕೊಟ್ಟ ಮಾತ್ರೆ ನುಂಗಿ.

ಈಗ ವ್ರತಕ್ಕೆ ಬರೋಣ, ಅಸಲು ಗಂಟು ಇರುವುದು ಅಲ್ಲಿ.

ನಿಮ್ಮ ಕಾಗದದಲ್ಲಿ ನೀವೇ ಬರೆದಿದ್ದನ್ನ ಇನ್ನೊಂದು ಸಲ ಓದಿ. ಗುರುವಾರ ಹಿಡಿದದ್ದು ಮಗನ ಎಸ್ಸೆಸ್ಸೆಲ್ಸಿಗೆ. ಅವನು ಪಾಸಾಗಿ ಈಗ ಎರಡನೇ ಪಿಯುಸಿ, ಗುರುವಾರ ಇನ್ನೂ ನಡೆಯುತ್ತಿದೆ. ಸಂಕಷ್ಟಿ ನಾದಿನಿ ಮದುವೆಗೆ. ಅವರ ಮದುವೆ ಏನಾಯಿತು ಅಂತ ಬರೆದಿಲ್ಲ, ಆಗಿರಬೇಕು, ಇಲ್ಲದಿದ್ದರೆ ಬರೆಯುತ್ತಿದ್ದಿರಿ. ಶುಕ್ರವಾರ ವ್ಯಾಪಾರಕ್ಕೆ. ಅದು ಏಳುತ್ತದೆ, ಬೀಳುತ್ತದೆ, ಮೆಕ್ಕೆಜೋಳದ ರೇಟು ಕೇಳಿ ಯಾರೂ ಆಯುಷ್ಯಪೂರ್ತಿ ಉಪವಾಸ ಇರಲಾಗುವುದಿಲ್ಲ. ಒಂದೊಂದು ಕಷ್ಟಕ್ಕೆ ಒಂದೊಂದು ವ್ರತ ಹಿಡಿದಿರಿ, ಕಷ್ಟ ಕಳೆಯಿತು, ವ್ರತ ಮಾತ್ರ ಮನೆಗೆ ಬಂದ ನೆಂಟರ ಹಾಗೆ ಹೋಗಲೇ ಇಲ್ಲ.

ನಮ್ಮ ಹಿರಿಯರು ಇದಕ್ಕೆ ದಾರಿ ಮಾಡಿಟ್ಟಿದ್ದಾರೆ, ಉದ್ಯಾಪನೆ. ಹಿಡಿಯುವುದಕ್ಕೆ ಸಂಕಲ್ಪ ಇದ್ದ ಹಾಗೆ ಮುಗಿಸುವುದಕ್ಕೂ ಒಂದು ಕ್ರಮ. ಮಂಗಳಗೌರಿ ವ್ರತವನ್ನ ಮದುವೆಯಾಗಿ ಐದು ವರ್ಷ ಮಾಡಿ ಮುಗಿಸುತ್ತಾರೆ, ಯಾರೂ ಅರವತ್ತರವರೆಗೆ ಎಳೆಯುವುದಿಲ್ಲ. ನಿಮ್ಮ ಪಕ್ಕದವರ ಹದಿನಾರು ಸೋಮವಾರಕ್ಕೂ ಹದಿನಾರು ಅಂತ ಲೆಕ್ಕ ಇದೆ ನೋಡಿ. ನಿಮ್ಮ ಗುರುವಾರಕ್ಕೆ ಲೆಕ್ಕವೇ ಇಲ್ಲ. ನಾನು ನೋಡಿದ ಹೆಣ್ಣುಮಕ್ಕಳಲ್ಲಿ ವ್ರತ ಹಿಡಿಯುವ ವಿಧಾನ ಎಲ್ಲರಿಗೂ ಬಾಯಿಪಾಠ, ಉದ್ಯಾಪನೆ ಅಂದರೆ ಮಾತ್ರ, ಅಯ್ಯೋ ಬಿಟ್ಟರೆ ಏನಾದರೂ ಆದರೆ ಅಂತ ಹಿಂದೆ ಸರಿಯುತ್ತಾರೆ.

ಆ ಭಯ ನಿಮಗೂ ಇದೆ ಅಂತ ಗೊತ್ತು, ನೀವು ಬರೆಯದಿದ್ದರೂ. ಅದಕ್ಕೆ ಸಿಹಿ ಮಾತು ಹೇಳುವುದಿಲ್ಲ. ಉದ್ಯಾಪನೆ ಮಾಡಿದ ವರ್ಷ ನಿಮ್ಮ ಮನೆಯಲ್ಲಿ ಏನಾದರೂ ಒಂದು ಆಗಿಯೇ ಆಗುತ್ತದೆ. ಮಗಳಿಗೆ ಜ್ವರ ಬರುತ್ತದೆ, ಸ್ಕೂಟಿ ಬೀಳುತ್ತದೆ, ಯಾರೋ ದುಡ್ಡು ಮುಳುಗಿಸುತ್ತಾರೆ. ಯಾಕಂದರೆ ಎಲ್ಲರ ಮನೆಯಲ್ಲೂ ಪ್ರತಿ ವರ್ಷ ಆಗುತ್ತದೆ, ವ್ರತ ನಡೆಸಿದ ವರ್ಷಗಳಲ್ಲೂ ಆಗಿದೆ, ಆಗ ನೀವು ಅದನ್ನ ವ್ರತಕ್ಕೆ ಗಂಟು ಹಾಕಲಿಲ್ಲ ಅಷ್ಟೇ. ಇದನ್ನ ಮೊದಲೇ ಒಂದು ಚೀಟಿಯಲ್ಲಿ ಬರೆದು ದೇವರ ಫೋಟೋ ಹಿಂದೆ ಇಡಿ ಅಂತ ಒಬ್ಬರಿಗೆ ಹೇಳಿದ್ದೆ. ಮೂರು ತಿಂಗಳ ಮೇಲೆ ಫ್ರಿಜ್ ಕೆಟ್ಟಾಗ ಚೀಟಿ ತೆಗೆದು ಓದಿ ನಕ್ಕರಂತೆ.

ಪೂಜೆಯಲ್ಲಿ ಪುರೋಹಿತರು ಸಂಕಲ್ಪ ಹೇಳಿಸುವಾಗ ಯಥಾಶಕ್ತಿ ಅನ್ನುವ ಮಾತು ಬರುತ್ತದೆ, ಗಮನಿಸಿದ್ದೀರಾ? ಶಕ್ತಿ ಇದ್ದಷ್ಟು. ಹದಿನಾರು ಉಪಚಾರದ ಪೂಜೆ ಇದ್ದ ಹಾಗೇ ಐದು ಉಪಚಾರದ್ದೂ ಇದೆ, ಗಂಧ, ಹೂವು, ಧೂಪ, ದೀಪ, ನೈವೇದ್ಯ, ಮುಗಿಯಿತು. ಅದು ಅರೆಬರೆ ಪೂಜೆ ಅಲ್ಲ, ಅದೂ ಪೂರ್ತಿ ಪೂಜೆಯೇ. ವಾರದ ದಿನ ಐದು, ಹಬ್ಬದ ದಿನ ಬೇಕಿದ್ದರೆ ಹದಿನಾರು ಮಾಡಿ.

ನಿಮ್ಮದು ಲಿಂಗಾಯತ ಮನೆ ಅಂದಿದ್ದರಿಂದ ಆಯ್ದಕ್ಕಿ ಲಕ್ಕಮ್ಮನ ಕಥೆ ನೆನಪಿಸುತ್ತೇನೆ. ಗಂಡ ಮಾರಯ್ಯ ಬಸವಣ್ಣನವರ ಮಹಾಮನೆ ಅಂಗಳದಲ್ಲಿ ಬಿದ್ದ ಅಕ್ಕಿ ಆಯ್ದು ತರುತ್ತಿದ್ದ, ಅದರಲ್ಲೇ ಇವರ ಊಟ, ಜಂಗಮರ ದಾಸೋಹ. ಒಂದು ದಿನ ಜಾಸ್ತಿ ತಂದ. ಲಕ್ಕಮ್ಮ ಖುಷಿ ಪಡಲಿಲ್ಲ. ಇಷ್ಟು ಯಾಕೆ, ನಮಗೆ ಬೇಕಾದ್ದು ಮೊದಲಿನಷ್ಟೇ, ಹೋಗಿ ಅಲ್ಲೇ ಸುರಿದು ಬಾ ಅಂದಳು. ನಾವು ಈ ಕಥೆಯನ್ನ ದುಡ್ಡಿನ ಆಸೆಗೆ ಮಾತ್ರ ಹೇಳುತ್ತೇವೆ. ನನಗೆ ಅದು ವ್ರತಕ್ಕೂ ಸಲ್ಲುತ್ತದೆ ಅನ್ನಿಸುತ್ತದೆ. ಪುಣ್ಯವನ್ನೂ ಅಳತೆ ಮೀರಿ ಗುಡ್ಡೆ ಹಾಕಿಕೊಳ್ಳುವ ಆಸೆ ಇರುತ್ತದೆ, ಮನೆಯವರ ಹೆಸರಲ್ಲಿ, ಮಕ್ಕಳ ಹೆಸರಲ್ಲಿ. ಲಕ್ಕಮ್ಮ ನಿಮ್ಮ ಮನೆಗೆ ಬಂದಿದ್ದರೆ ಮೂರು ವ್ರತ ಅಂಗಳದಲ್ಲಿ ಸುರಿಸಿಯೇ ಒಳಗೆ ಬಿಡುತ್ತಿದ್ದಳು.

ಕಾಯಕವೇ ಕೈಲಾಸ ಅಂತ ಯಾರಾದರೂ ಮಧ್ಯೆ ಬಾಯಿ ಹಾಕಬಹುದು. ನಮ್ಮ ಕಡೆ ಆ ಮಾತನ್ನ ಹೆಚ್ಚಾಗಿ ಹೆಣ್ಣುಮಕ್ಕಳಿಗೆ, ಅದೂ ಪಾತ್ರೆ ಮುಂದೆ ನಿಂತಾಗ ನೆನಪಿಸುತ್ತಾರೆ. ಲಕ್ಕಮ್ಮನ ಮನೆಯಲ್ಲಿ ಕಾಯಕ ಇಬ್ಬರಿಗೂ ಇತ್ತು, ಅಕ್ಕಿ ಆರಿಸುತ್ತಿದ್ದವನು ಗಂಡ ಅನ್ನುವುದು ಮರೆಯಬೇಡಿ. 2019ರಲ್ಲಿ ಸರ್ಕಾರದವರೇ ದೇಶದ ಜನ ಸಮಯ ಹೇಗೆ ಕಳೆಯುತ್ತಾರೆ ಅಂತ ಸಮೀಕ್ಷೆ ಮಾಡಿದ್ದರು. ಸಂಬಳ ಇಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ 299 ನಿಮಿಷ ಕೊಡುತ್ತಿದ್ದರು. ಮನೆಗೆಲಸಕ್ಕೆ ಕೈ ಹಾಕುವ ಗಂಡಸರದು 97 ನಿಮಿಷ. ಕೈ ಹಾಕದೇ ಇರುವವರು ಈ ಲೆಕ್ಕದಲ್ಲೇ ಇಲ್ಲ, ಅಂಥವರೇ ಜಾಸ್ತಿ.

ಸಂಜೆ ದೀಪ ಮಗ ಹಚ್ಚಲಿ. ಭಾನುವಾರ ಹಿತ್ತಾಳೆ ಸಾಮಾನು ಹುಣಸೆಹಣ್ಣು ಹಾಕಿ ತಿಕ್ಕುವುದು ಮನೆಯವರ ಪಾಲಿಗೆ. ಇಷ್ಟಲಿಂಗ ಗಂಡಸರಿಗೂ ಕಟ್ಟಿದ್ದಾರಲ್ಲ, ದೇವರಕೋಣೆ ಒಬ್ಬರ ಗುತ್ತಿಗೆ ಅಲ್ಲ. ಮೊದಲ ತಿಂಗಳು ದೀಪದ ಎಣ್ಣೆ ನೆಲಕ್ಕೆ ಚೆಲ್ಲುತ್ತದೆ, ಹಿತ್ತಾಳೆಯಲ್ಲಿ ಕಪ್ಪು ಉಳಿದಿರುತ್ತದೆ, ನೀವು ಬಾಯಿ ಮುಚ್ಚಿಕೊಂಡು ಸುಮ್ನಿರಬೇಕು. ನಿಜ ಹೇಳಬೇಕಂದರೆ ಎಷ್ಟೋ ಮನೆಗಳಲ್ಲಿ ಕೆಡುವುದು ಇಲ್ಲೇ, ಸರಿಯಾಗಿಲ್ಲ ಕೊಡಿ ಇಲ್ಲಿ ಅಂತ ನಾವೇ ಕಿತ್ತುಕೊಳ್ಳುತ್ತೇವೆ.

ಅತ್ತೆಯವರನ್ನ ಎದುರು ಹಾಕಿಕೊಳ್ಳಬೇಡಿ. ಉದ್ಯಾಪನೆಯನ್ನ ಅವರ ಕೈಗೇ ಕೊಡಿ. ಅಮ್ಮ, ಗುರುವಾರದ್ದು, ಸಂಕಷ್ಟಿದು ಕೆಲಸ ಆಯಿತು, ಶುಕ್ರವಾರದ್ದೂ ಸಾಕು ಅನ್ನಿಸಿದೆ, ಹೇಗೆ ಮುಗಿಸಬೇಕು ಹೇಳಿ ಅಂತ ಕೇಳಿ. ಮನೆಗೆ ಬರುವ ಅಯ್ಯನವರನ್ನೂ ಕೇಳಿ. ಐದು ಜನ ಮುತ್ತೈದೆಯರಿಗೆ ಉಡಿ ತುಂಬಿ, ಒಬ್ಬಿಬ್ಬರಿಗೆ ಊಟ ಹಾಕಿ ಮುಗಿಸಿ. ಐವತ್ತು ಜನರನ್ನ ಕರೆದು ಹೋಳಿಗೆ ಮಾಡಲು ಹೋದಿರೋ, ಉದ್ಯಾಪನೆಯಿಂದ ಸುಧಾರಿಸಿಕೊಳ್ಳಲು ಇನ್ನೊಂದು ವ್ರತ ಬೇಕಾಗುತ್ತದೆ. ಇನ್ನೊಂದು ಮಾತನ್ನೂ ಅತ್ತೆಯವರನ್ನ ಕೇಳಿ ನೋಡಿ: ನನ್ನ ವಯಸ್ಸಲ್ಲಿ ನಿಮಗೆ ಹೇಗಿತ್ತು? ಎಷ್ಟೋ ಅತ್ತೆಯರಿಗೆ ಆ ಪ್ರಶ್ನೆಯನ್ನ ಇವತ್ತಿನವರೆಗೂ ಯಾರೂ ಕೇಳಿರುವುದಿಲ್ಲ.

ಸೋಮವಾರ ಮಾತ್ರ ಇಟ್ಟುಕೊಳ್ಳಿ. ಅದು ತವರಿಂದ ಬಂದಿದ್ದು, ಏನೂ ಬೇಡದೆ ಹಿಡಿದದ್ದು. ಅತ್ತೆಯವರಿಂದ ಬಂದ ಅಮಾವಾಸ್ಯೆಯದು ಬಿಟ್ಟರೆ ನಿಮ್ಮ ಪಟ್ಟಿಯಲ್ಲಿ ಹರಕೆ ಇಲ್ಲದ್ದು ಅದೊಂದೇ, ಹೆಚ್ಚು ಪ್ರೀತಿ ಇರುವುದೂ ಅದರಲ್ಲೇ ಅನ್ನಿಸಿತು. ಹಿಮೋಗ್ಲೋಬಿನ್ ಏರುವವರೆಗೆ ಅವತ್ತೂ ಹಣ್ಣು, ಹಾಲು ತಗೊಂಡೇ ಮಾಡಿ. ಶುಗರ್ ಬಂದರೆ ಡಾಕ್ಟರನ್ನ ಕೇಳದೆ ಉಪವಾಸವೇ ಬೇಡ.

ಜಪ 1008 ಅಂದಿರಿ. ಕುಕ್ಕರ್ ವಿಷಲ್ ನಡುವೆ ಅದು ಎಷ್ಟು ಓಟದಲ್ಲಿ ನಡೆಯುತ್ತದೆ ಅಂತ ಊಹಿಸಬಲ್ಲೆ. 108ಕ್ಕೆ ಇಳಿಸಿ, ನಿಧಾನ ಮಾಡಿ, ಒಂದು ಉಸಿರು ಬಿಡುವಷ್ಟು ಹೊತ್ತು ಒಂದು ಸಲ ಓಂ ನಮಃ ಶಿವಾಯ. ಇದು ನನ್ನ ಸೋಮಾರಿತನದ ಸಲಹೆ ಅಲ್ಲ. 2001ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಇಟಲಿಯ ವೈದ್ಯರ ಒಂದು ಅಧ್ಯಯನ ಬಂದಿತ್ತು. ಕ್ರೈಸ್ತರ ಜಪಮಾಲೆ ಪ್ರಾರ್ಥನೆ ಇರಲಿ, ಓಂ ಮಣಿ ಪದ್ಮೇ ಹೂಂ ಇರಲಿ, ಹೇಳುವಾಗ ಉಸಿರು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಯುತ್ತಿತ್ತು, ಹೃದಯದ ಬಡಿತವೂ ಅದಕ್ಕೆ ಲಯ ಹೊಂದಿಸಿಕೊಳ್ಳುತ್ತಿತ್ತು. ಮನಸ್ಸು ತಣ್ಣಗಾಗುವುದು ಆ ನಿಧಾನದಿಂದ. ಎಣಿಕೆ ಹಿಂದೆ ಓಡಿದರೆ ಉಸಿರೂ ಓಡುತ್ತದೆ, ಆಮೇಲೆ ಜಪ ಮಾಡಿ ಎದ್ದವರು ಮಕ್ಕಳ ಮೇಲೆ ಯಾಕೆ ರೇಗುತ್ತಾರೆ ಅಂತ ಕೇಳಬೇಕಾಗಿಲ್ಲ.

ಐದೂವರೆಗೆ ಏಳಿ. ಮಡಿ ಅಡುಗೆ, ತಿಂಡಿ ಎರಡೂ ಒಂದೇ ಒಲೆಯಲ್ಲಿ ಆಗಲಿ. ನಿಮ್ಮ ಗೆಳತಿ ಹೇಳಿದ ಟೈಮ್ ಇದೆಯಲ್ಲ, ಅದನ್ನ ನಿಮ್ಮ ಮನೆಯಲ್ಲಿ ಆ ಹೆಸರಿಂದ ಕೇಳಿದರೆ ಸಿಗುವುದಿಲ್ಲ. ಮಧ್ಯಾಹ್ನ ಅರ್ಧ ಗಂಟೆ ಮೌನ ಅಂತ ಹೇಳಿ. ಬಾಗಿಲು ಹಾಕಿಕೊಂಡು ಮಲಗಿದರೆ, ಏನಾಯ್ತು ಇವಳಿಗೆ ಅಂತಾರೆ, ಮೌನ ಅಂದರೆ ಕಾಲು ಸಪ್ಪಳ ಮಾಡದೆ ಓಡಾಡುತ್ತಾರೆ. ಕಳ್ಳತನ ಅನ್ನಿಸುತ್ತದಾ? ಮೌನದಲ್ಲಿ ಕಣ್ಣು ಮುಚ್ಚಿ ನಿದ್ದೆ ಬಂದರೆ ಅದು ನಿಮಗೆ ಬೇಕಾಗಿದ್ದ ನಿದ್ದೆ. ಮೊಬೈಲ್ ಮಾತ್ರ ಒಳಗೆ ಒಯ್ಯಬೇಡಿ. ಹನ್ನೊಂದು ಜನಕ್ಕೆ ಕಳಿಸಿ ಇಲ್ಲದಿದ್ದರೆ ಅಶುಭ ಅನ್ನುವ ದೇವರ ಮೆಸೇಜುಗಳನ್ನ ಇವತ್ತೇ ಅಳಿಸಿ, ಅವು ಪುಕ್ಕಟೆ ಬಂದ ಇನ್ನೊಂದು ವ್ರತ.

ಆ ಮೂರು ದಿನದ ನಿದ್ದೆಗೆ ನಾಚಿಕೆ ಬೇಡ. ಶರಣರು ಜನನ, ಮರಣ, ರಜಸ್ಸು, ಎಂಜಲು, ಜಾತಿ ಅಂತ ಐದು ಸೂತಕಗಳನ್ನೂ ಅಲ್ಲಗಳೆದವರು. ಆ ಲೆಕ್ಕದಲ್ಲಿ ನೀವು ಹೊರಗೆ ಕೂರುವ ಕಾರಣವೇ ಇಲ್ಲ. ಅದನ್ನ ಮನೆಯಲ್ಲಿ ಯಾವಾಗ ಮಾತಾಡಬೇಕು ಅನ್ನುವುದು ನಿಮಗೆ ಬಿಟ್ಟಿದ್ದು, ನಾನು ಜಗಳಕ್ಕೆ ಕಳಿಸುವುದಿಲ್ಲ. ನನಗೆ ಕಾಡಿದ್ದು ಬೇರೆ. ಆರು ಗಂಟೆವರೆಗೆ ಮಲಗುವುದಕ್ಕೆ ನಿಮ್ಮ ಮೈಯಿಂದ ರಕ್ತ ಹೋಗುವವರೆಗೂ ಕಾಯಬೇಕಾ?

ತಿಂಗಳಿಗೊಂದು ದಿನ ಮನೆಯಿಂದ ಹೊರಗೆ ಹೋಗಿ, ಒಬ್ಬರೇ. ಬೆಳಿಗ್ಗೆ ಕುಂದುವಾಡ ಕೆರೆ ಏರಿ ಮೇಲೆ ನಡೆದರೂ ಆಯಿತು. ನನ್ನನ್ನ ಕೇಳಿದರೆ ಹರಿಹರ. ಹದಿನಾಲ್ಕು ಕಿಲೋಮೀಟರ್, ಶಕ್ತಿ ಯೋಜನೆ 2023ರ ಜೂನ್‌ನಿಂದ ಇದೆ, ಸರ್ಕಾರಿ ಬಸ್ಸಿಗೆ ಆಧಾರ್ ಕಾರ್ಡ್ ತೋರಿಸಿದರೆ ಸಾಕು. ಹಬ್ಬ, ಹುಣ್ಣಿಮೆ ಬಿಟ್ಟು ಒಂದು ಬರೀ ಮಂಗಳವಾರವೋ ಬುಧವಾರವೋ ಹೋಗಿ. 1224ರಲ್ಲಿ ಹೊಯ್ಸಳರ ದಂಡನಾಯಕ ಪೋಲಾಳ್ವ ಕಟ್ಟಿಸಿದ ಗುಡಿ ಅದು, ಅರ್ಧ ಹರಿ ಅರ್ಧ ಹರ ಒಂದೇ ಮೂರ್ತಿಯಲ್ಲಿ ನಿಂತಿದ್ದಾರೆ. ಮಂಟಪದ ಕಲ್ಲು ಮಧ್ಯಾಹ್ನವೂ ತಣ್ಣಗೆ. ಕಾಯಿ, ಊದುಬತ್ತಿ ಏನೂ ಒಯ್ಯಬೇಡಿ, ಬೇಡಿಕೆಯನ್ನೂ ಒಯ್ಯಬೇಡಿ. ಕಂಬಕ್ಕೆ ಒರಗಿ ಕೂತು, ಆಮೇಲೆ ಹೊಳೆ ಕಡೆ ಹೋಗಿ ನೀರು ನೋಡಿ ಬನ್ನಿ. ಕಣ್ಣಲ್ಲಿ ನೀರು ಬರುತ್ತಿತ್ತು ಅಂದಿರಲ್ಲ, ಅದು ಮೊದಲ ಸಲವೇ ಬರಬೇಕು ಅಂತ ಕಾಯಬೇಡಿ. ಬರದಿದ್ದರೆ ಒಂದು ಮಿರ್ಚಿ ಮಂಡಕ್ಕಿ ತಿಂದು ವಾಪಸ್ ಬನ್ನಿ.

ಒಂದು ವಿಷಯದಲ್ಲಿ ಮಾತ್ರ ನಾನು ಗಟ್ಟಿ. ಎರಡು ವಾರಕ್ಕಿಂತ ಹೆಚ್ಚು, ದಿನದ ಬಹುಪಾಲು ಬೇಜಾರು, ಯಾವುದರಲ್ಲೂ ಆಸಕ್ತಿ ಇಲ್ಲ, ನಿದ್ದೆ ಹಸಿವು ಕೆಟ್ಟಿದೆ ಅಂದರೆ ಅದು ಖಿನ್ನತೆ ಇರಬಹುದು. ಅದು ಕಾಯಿಲೆ, ಭಕ್ತಿ ಕಡಿಮೆಯಾಗಿ ಬಂದಿದ್ದಲ್ಲ, ಭಕ್ತಿ ಜಾಸ್ತಿ ಮಾಡಿದರೆ ಹೋಗುವುದೂ ಅಲ್ಲ. ಜಿಲ್ಲಾಸ್ಪತ್ರೆಯಲ್ಲಿ ಮಾನಸಿಕ ಆರೋಗ್ಯದ ಡಾಕ್ಟರನ್ನ ಕಾಣಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ. ಬದುಕಿರುವುದೇ ಬೇಡ ಅನ್ನಿಸಿದರೆ ಎರಡು ವಾರ ಕಾಯಬೇಡಿ, ಅವತ್ತೇ ಮಾಡಿ, ಮನೆಯವರಿಗೂ ಹೇಳಿ.

ಸ್ವಾರ್ಥ ಅಲ್ವಾ ಅಂತ ಕೇಳಿದ್ದಿರಿ. ನಿಮ್ಮ ಮಗಳಿಗೆ ಈಗ ಹದಿಮೂರು ಇರಬೇಕು. ಅವಳು ನಿಮ್ಮನ್ನ ನೋಡಿ ಪೂಜೆ ಅಂದರೆ ಏನು ಅಂತ ಕಲಿಯುತ್ತಿದ್ದಾಳೆ. ಸಿಡುಕುತ್ತಾ ಗಂಟೆ ಬಾರಿಸುವ ಅಮ್ಮನನ್ನ ನೋಡಿದ ಮಗಳು ಒಂದೋ ಅದನ್ನೇ ಮುಂದುವರಿಸುತ್ತಾಳೆ, ಇಲ್ಲಾ ದೇವರಕೋಣೆ ಕಡೆ ತಲೆ ಹಾಕುವುದಿಲ್ಲ. ಎರಡೂ ಥರದ ಹೆಣ್ಣುಮಕ್ಕಳು ನನ್ನ ಹತ್ತಿರ ಬರುತ್ತಾರೆ.

ಇನ್ನು ಚಾ. ಧಾರಾಳವಾಗಿ ಕುಡಿಯಿರಿ. ಖಾಲಿ ಹೊಟ್ಟೆಗೆ ಎದೆ ಉರಿ ಬರುವುದಾದರೆ ಮೊದಲು ಒಂದು ಲೋಟ ಬಿಸಿನೀರು. ಅತ್ತೆಯವರಿಗೂ ಒಂದು ಲೋಟ ಮಾಡಿ, ಇಬ್ಬರೂ ಕೂತು ಕುಡಿಯಿರಿ, ಬೈಯುವವರ ಕೈಯಲ್ಲೂ ಲೋಟ ಇದ್ದರೆ ಬೈಗುಳ ಸ್ವಲ್ಪ ತಡವಾಗುತ್ತದೆ. ರಿಪೋರ್ಟ್ ಬಂದ ಮೇಲೆ ಹಿಮೋಗ್ಲೋಬಿನ್ ಎಷ್ಟಿದೆ ಅಂತ ಬರೆಯಿರಿ.